ಕಾದಂಬರಿಯಲ್ಲಿ ಮಂಜು ಬಿದ್ದಿದೆ, ನಾನಿರುವುದು ಮಾನ್ವಿಯಲ್ಲಿ. ಏನು ಮಾಡಲಿ?

ಝೆರಾಕ್ಸ್ ಅಂಗಡಿ, ಮಾನ್ವಿ:
ಎಲ್ಲರಿಗೂ ನಮಸ್ಕಾರ. ಮಾನ್ವಿಯಲ್ಲಿ ನನ್ನದೊಂದು ಸಣ್ಣ ಝೆರಾಕ್ಸ್ ಅಂಗಡಿ ಇದೆ. ಎರಡು ವರ್ಷದಿಂದ ಕೌಂಟರಿನಲ್ಲೇ ಕೂತು ಒಂದು ಕಾದಂಬರಿ ಬರೆಯುತ್ತಿದ್ದೇನೆ. 140 ಪುಟ ಆಗಿದೆ. ಹೋದ ವಾರ ಮೊದಲ ಅಧ್ಯಾಯವನ್ನು ಅತ್ತಿಗೆಗೆ ಓದಲು ಕೊಟ್ಟೆ. ಓದಿ ಮುಗಿಸಿ ಅವರು ಕೇಳಿದ್ದು ಒಂದೇ ಮಾತು. "ಇದು ಯಾವ ಊರು? ನೀನು ಯಾವಾಗ ಅಲ್ಲಿಗೆ ಹೋಗಿದ್ದೆ?"

ಆಮೇಲೆ ನಾನೇ ಕೂತು ಓದಿದೆ. ನನ್ನ ನಾಯಕ ಬೆಳಗ್ಗೆ ಎದ್ದು, ಕಂಬಳಿ ಹೊದ್ದು, ಮಂಜಿನಲ್ಲಿ ಅಡಿಕೆ ತೋಟಕ್ಕೆ ನಡೆದು ಹೋಗುತ್ತಾನೆ. ಹೆಂಚಿನ ಮನೆ, ಜಿಟಿಜಿಟಿ ಮಳೆ, ಬಚ್ಚಲ ಒಲೆಯ ಹೊಗೆ. ಅಡಿಕೆ ಮರವನ್ನು ನಾನು ನೋಡಿದ್ದು ಒಂದೇ ಸಲ, ಕಾಲೇಜಿನಿಂದ ಆಗುಂಬೆಗೆ ಟೂರ್ ಹೋದಾಗ, ಅದೂ ಬಸ್ಸಿನ ಕಿಟಕಿಯಿಂದ. ಆವತ್ತು ಮೋಡ ಮುಚ್ಚಿ ಸೂರ್ಯಾಸ್ತ ಕೂಡ ಕಾಣಲಿಲ್ಲ.

ನಾನು ಇಷ್ಟಪಟ್ಟು ಓದಿದ ಕಾದಂಬರಿಗಳೆಲ್ಲ ಮಲೆನಾಡಿನವು ಇಲ್ಲ ಕರಾವಳಿಯವು. ಕಾದಂಬರಿ ಅಂದ್ರೆ ಮಳೆ ಅಂತ ತಲೆಯಲ್ಲಿ ಕೂತುಬಿಟ್ಟಿದೆ. ನಮ್ಮ ಕಡೆ ಏನಿದೆ? ಬಿಸಿಲು, ಭತ್ತ, ಹತ್ತಿ, ಹೋಗಿ ಬರುವ ಕರೆಂಟು. ಬರೆಯುವವನು ಇರುವ ಊರು ಬರವಣಿಗೆಗೆ ನಿಜವಾಗಿ ಅಷ್ಟು ಮುಖ್ಯವಾ? ಹಾಗಿದ್ದರೆ ಒಂದು ಆರು ತಿಂಗಳು ತೀರ್ಥಹಳ್ಳಿ ಕಡೆ ಬಾಡಿಗೆ ಮನೆ ಮಾಡಿ ಇರಲಾ? ತಮಾಷೆ ಅಲ್ಲ, ಸೀರಿಯಸ್ಸಾಗಿ ಕೇಳುತ್ತಿದ್ದೇನೆ.

ಬಿಸಿಲಕುದುರೆ, ಬಳ್ಳಾರಿ:
ಆರು ತಿಂಗಳು ಅಂಗಡಿ ಯಾರು ನೋಡಿಕೊಳ್ಳುತ್ತಾರೆ? ನಾನು ಸದ್ಯ ಖಾಲಿ ಇದ್ದೇನೆ.

ಕೋಟೆಕಲ್ಲು, ಬಳ್ಳಾರಿ:
ತೀರ್ಥಹಳ್ಳಿಗೆ ಹೋಗುವ ಮುಂಚೆ ಒಂದು ಮಾತು. ಊರಲ್ಲೇ ಕೂತು ಊರಿನ ಬಗ್ಗೆ ಬರೆಯಬೇಕು ಅನ್ನುವುದೇ ಅರ್ಧ ಸುಳ್ಳು. ಕುವೆಂಪು ಮಲೆನಾಡನ್ನು ಬರೆದಿದ್ದು ಮೈಸೂರಿನಲ್ಲಿ ಮನೆ ಮಾಡಿಕೊಂಡು. ಅನಂತಮೂರ್ತಿ 'ಸಂಸ್ಕಾರ' ಬರೆದಿದ್ದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ, ಅಲ್ಲಿ ಓದುತ್ತಿದ್ದಾಗ. ಜೇಮ್ಸ್ ಜಾಯ್ಸ್ 1904ರಲ್ಲಿ ಡಬ್ಲಿನ್ ಬಿಟ್ಟವನು. ಆಮೇಲೆ ಟ್ರಿಯೆಸ್ಟ್, ಜ್ಯೂರಿಕ್, ಪ್ಯಾರಿಸ್ ಅಂತ ಊರೂರು ತಿರುಗುತ್ತಾ 'ಯುಲಿಸಿಸ್' ಬರೆದ, 1922ರಲ್ಲಿ ಪುಸ್ತಕ ಬಂತು. ಪುಸ್ತಕದ ತುಂಬಾ ಡಬ್ಲಿನ್ನಿನ ಒಂದೇ ಒಂದು ದಿನ. ಅನುಮಾನ ಬಂದರೆ ಊರಿನಲ್ಲಿದ್ದ ಸೋದರಮಾವನ ಹೆಂಡತಿಗೆ ಕಾಗದ ಹಾಕುತ್ತಿದ್ದ. ಇಂಥ ಬೀದಿಯ ಇಂಥ ನಂಬರಿನ ಮನೆ ಮುಂದಿನ ಕಬ್ಬಿಣದ ಬೇಲಿ ದಾಟಿ ಕೆಳಗೆ ಇಳಿಯಲು ಸಾಧಾರಣ ಮನುಷ್ಯನಿಗೆ ಆಗುತ್ತದಾ, ನೋಡಿ ತಿಳಿಸು ಅಂತ.

ನನ್ನ ಲೆಕ್ಕದಲ್ಲಿ ಊರು ಬಿಟ್ಟಮೇಲೇ ಊರು ಕಾಣುವುದು. ನೀವು ಮಾನ್ವಿ ಬಿಡಬೇಕು, ನಿಜ. ಆದರೆ ತೀರ್ಥಹಳ್ಳಿ ಬಗ್ಗೆ ಬರೆಯಲಿಕ್ಕಲ್ಲ, ಮಾನ್ವಿ ಬಗ್ಗೆ ಬರೆಯಲಿಕ್ಕೆ.

ಹಟ್ಟಿ ಹುಡುಗ, ಲಿಂಗಸುಗೂರು:
ಕೋಟೆಕಲ್ಲು ಸರ್, ನೀವು ಹೇಳಿದ ಎಲ್ಲರೂ ಅಲ್ಲೇ ಹುಟ್ಟಿ ಬೆಳೆದವರು. ಮೊದಲು ಹೊಟ್ಟೆ ತುಂಬ ಊರು ತಿಂದು ಆಮೇಲೆ ದೂರ ಹೋಗಿ ಮೆಲುಕು ಹಾಕಿದವರು. ಈ ಅಣ್ಣನ ಕಥೆ ಬೇರೆ. ತಿನ್ನದೇ ಇರುವ ಊರನ್ನು ಮೆಲುಕು ಹಾಕುತ್ತಿದ್ದಾರೆ.

ಕೋಟೆಕಲ್ಲು, ಬಳ್ಳಾರಿ:
ಒಪ್ಪಿದೆ. ಆದರೆ ದೂರ ಬೇಕು ಅನ್ನುವುದನ್ನು ಬಿಡಲ್ಲ. ನಮ್ಮ ಬಳ್ಳಾರಿಯವರೇ ಆದ ಕಾದಂಬರಿಕಾರ ಕುಂ. ವೀರಭದ್ರಪ್ಪ, ಅಂದರೆ ಕುಂ.ವೀ. ಅವರನ್ನೇ ನೋಡಿ. ವರ್ಷಗಟ್ಟಲೆ ಆಂಧ್ರದ ಹಳ್ಳಿಗಳಲ್ಲಿ ಮೇಷ್ಟ್ರಾಗಿದ್ದರು. ಅಲ್ಲಿದ್ದುಕೊಂಡೇ ಕೊಟ್ಟೂರು, ಕೂಡ್ಲಿಗಿ ಕಡೆಯ ಕನ್ನಡವನ್ನು ಅಷ್ಟು ಜೋರಾಗಿ ಬರೆದರು.

ಗುಡೇಕೋಟೆ ಗಾಡಿ:
ಬಳ್ಳಾರಿಯವರಲ್ಲ. ಕೊಟ್ಟೂರು 2021ರಿಂದ ವಿಜಯನಗರ ಜಿಲ್ಲೆ.

ಕೋಟೆಕಲ್ಲು, ಬಳ್ಳಾರಿ:
ಅವರು ಹುಟ್ಟಿದಾಗ, ಓದಿದಾಗ, ಬರೆದಾಗ ಬಳ್ಳಾರಿ ಜಿಲ್ಲೆಯೇ. 2007ರಲ್ಲಿ 'ಅರಮನೆ'ಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಾಗಲೂ ಬಳ್ಳಾರಿ ಜಿಲ್ಲೆಯೇ.

ಗುಡೇಕೋಟೆ ಗಾಡಿ:
ಹಾಗೆ ಲೆಕ್ಕ ಹಾಕಿದರೆ 'ಅರಮನೆ'ಯಲ್ಲಿ ಬರುವ ಬ್ರಿಟಿಷ್ ಅಧಿಕಾರಿ ಥಾಮಸ್ ಮನ್ರೋ ಕಾಲಕ್ಕೆ ನಾವೆಲ್ಲ ಮದ್ರಾಸಿನವರು. 1953ರ ತನಕ ಮದ್ರಾಸೇ. ಅದೂ ಸೇರಿಸಿಕೊಳ್ಳೋಣವಾ?

ಕೋಟೆಕಲ್ಲು, ಬಳ್ಳಾರಿ:
ಸೇರಿಸಿಕೊಳ್ಳಿ. ನಮ್ಮ ತಾತ ಆದವಾನಿಯಲ್ಲಿ ಹೆಣ್ಣು ತಂದವರು. 1953ರಲ್ಲಿ ಆದವಾನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು, ಬಳ್ಳಾರಿ ಮೈಸೂರಿಗೆ ಬಂತು. ಅಜ್ಜಿಯ ತವರು ಒಂದೇ ರಾತ್ರಿಯಲ್ಲಿ ಬೇರೆ ರಾಜ್ಯ. ಅಜ್ಜಿ ಸಾಯುವ ತನಕ ಕೂಡಿಸುವುದು, ಕಳೆಯುವುದು ತೆಲುಗಿನಲ್ಲಿ, ಬೈಯುವುದು ಕನ್ನಡದಲ್ಲಿ. ಅದೇ ಒಂದು ಕಾದಂಬರಿ, ಬರೆಯುವವರು ಬೇಕಷ್ಟೆ.

ಬಿಸಿಲಕುದುರೆ, ಬಳ್ಳಾರಿ:
ನಮ್ಮಜ್ಜಿ ಉಲ್ಟಾ. ಕನ್ನಡದಲ್ಲಿ ಲೆಕ್ಕ, ತೆಲುಗಿನಲ್ಲಿ ಬೈಗುಳ. ತೆಲುಗು ಬೈಗುಳಕ್ಕೆ ತೂಕ ಜಾಸ್ತಿ.

ಸಿಂಧನೂರಕ್ಕ:
ನನಗೆ ಕಾಡುವ ಪ್ರಶ್ನೆ ಇನ್ನೊಂದು. "ನಮ್ಮೂರು" ಅಂತ ಬರೆಯುವಾಗ ಯಾವ ವರ್ಷದ ನಮ್ಮೂರು? ತುಂಗಭದ್ರಾ ಕಾಲುವೆ ಬರುವ ಮುಂಚೆ ಇಲ್ಲಿ ಜೋಳ, ನವಣೆ. ಅನ್ನ ಅಂದ್ರೆ ಹಬ್ಬದ ಊಟ ಅಂತ ನಮ್ಮವ್ವ ಹೇಳುತ್ತಿದ್ದರು. ಈಗ ಕಣ್ಣು ಹಾಯಿಸಿದಷ್ಟು ದೂರ ಸೋನಾ ಮಸೂರಿ. ಒಂದು ತಲೆಮಾರಿನಲ್ಲಿ ನೆಲದ ಬಣ್ಣವೇ ಬದಲಾಯಿತು. ಆಂಧ್ರದಿಂದ ಬಂದವರ ಕ್ಯಾಂಪುಗಳು ಎದ್ದವು.

ಆಮೇಲೆ ಆರ್‌ಎಚ್ ಕ್ಯಾಂಪುಗಳು. ಗೊತ್ತಿಲ್ಲದವರಿಗೆ ಹೇಳುತ್ತೇನೆ. ಪೂರ್ವ ಬಂಗಾಳದಿಂದ ನಿರಾಶ್ರಿತರಾಗಿ ಬಂದವರಿಗೆ ಸರ್ಕಾರ ನಮ್ಮ ತಾಲೂಕಿನಲ್ಲಿ ಜಾಗ ಕೊಟ್ಟಿತು. ನನ್ನ ಜೊತೆ ಓದಿದ ಒಬ್ಬಳು ಅಲ್ಲಿಯವಳು. ಮನೆಯಲ್ಲಿ ಬಂಗಾಳಿ, ಬಸ್ಸಿನಲ್ಲಿ ಕನ್ನಡ, ಗದ್ದೆ ಕೆಲಸಕ್ಕೆ ಹೋದರೆ ತೆಲುಗು. ಒಂದು ಸಲ ಅವಳ ಮನೆಗೆ ಹೋಗಿದ್ದೆ. ಅವಳ ಅಜ್ಜಿಗೆ ಕನ್ನಡ ಬರುತ್ತಿರಲಿಲ್ಲ. ನಾವು ಕಾಲುವೆ ದಂಡೆಯ ಮೇಲೆ ನಡೆಯುತ್ತಿದ್ದಾಗ ಅಜ್ಜಿ ನೀರಿನ ಕಡೆ ಕೈ ತೋರಿಸಿ ಏನೋ ಹೇಳಿ ನಕ್ಕರು. ಏನು ಅಂತ ಕೇಳಿದೆ. "ಇದಕ್ಕೆ ದೊಡ್ಡ ಕಾಲುವೆ ಅಂತೀರಲ್ಲ, ನಮ್ಮೂರಲ್ಲಿ ಇಷ್ಟು ನೀರು ಮನೆ ಹಿಂದೆ ಪಾತ್ರೆ ತೊಳೆಯಲು ಇತ್ತು ಅಂತಿದ್ದಾಳೆ" ಎಂದಳು ಗೆಳತಿ. ಆ ಅಜ್ಜಿ ಇಲ್ಲಿ ಅಷ್ಟು ವರ್ಷ ಬದುಕಿದರೂ ಇದ್ದಿದ್ದು ಅಲ್ಲೇ ಅನ್ನಿಸುತ್ತದೆ. ಅವರೇನಾದರೂ ಬರೆದಿದ್ದರೆ ಸಿಂಧನೂರಿನಲ್ಲಿ ಕೂತು ಪದ್ಮಾ ನದಿ ಬರೆಯುತ್ತಿದ್ದರು. ಅದು ಸುಳ್ಳಾಗುತ್ತಿರಲಿಲ್ಲ ಅಲ್ವಾ?

ಸಂಡೂರು ಕೆಂಪು:
ಇದೆಲ್ಲ ಓದಲು ಚೆನ್ನಾಗಿದೆ. ಆದರೆ ನನಗೆ ಒಂದು ಸಿಟ್ಟಿದೆ. ಗಣಿ ಜೋರಾಗಿದ್ದಾಗ ನಮ್ಮ ಕಡೆಗೆ ಬರೆಯುವವರು ಬಹಳ ಮಂದಿ ಬಂದರು. ಎರಡು ದಿನ ಲಾಡ್ಜಿನಲ್ಲಿ ಇದ್ದು "ಕೆಂಪು ಧೂಳು, ಕೆಂಪು ಮರ, ಕೆಂಪು ಮನುಷ್ಯ" ಅಂತ ಬರೆದು ಹೋದರು. ಕೆಂಪು ಎಲ್ಲರಿಗೂ ಕಂಡಿತು. ಕೆಂಪು ಹೋದಮೇಲೆ ಯಾರೂ ಬರಲಿಲ್ಲ.

2011ರ ಜುಲೈನಲ್ಲಿ ಸುಪ್ರೀಂ ಕೋರ್ಟು ಗಣಿಗಾರಿಕೆ ನಿಲ್ಲಿಸಿತು. ನಮ್ಮ ಚಿಕ್ಕಪ್ಪ ಸಾಲ ಮಾಡಿ ಲಾರಿ ತಗೊಂಡಿದ್ದರು. ಲಾರಿ ಮನೆ ಮುಂದೆ ನಿಂತಿತು. ಮೊದಲ ತಿಂಗಳು ದಿನಾ ಬೆಳಗ್ಗೆ ಸ್ಟಾರ್ಟ್ ಮಾಡಿ ಹತ್ತು ನಿಮಿಷ ಬಿಡುತ್ತಿದ್ದರು, ಬ್ಯಾಟರಿ ಹೋಗಬಾರದು ಅಂತ. ಆಮೇಲೆ ಡೀಸೆಲ್ ದಂಡ ಅಂತ ಅದನ್ನೂ ಬಿಟ್ಟರು. ಲಾರಿ ಕೆಳಗೆ ಆಡುಗಳು ಮಲಗಲು ಶುರು ಮಾಡಿದವು. ಮಳೆ ಬಂದಾಗ ಟೈರಿನ ಸುತ್ತ ಹುಲ್ಲು ಬಂತು. ಚಿಕ್ಕಮ್ಮ ಹಿಂದಿನ ಡಾಲಾಕ್ಕೆ ಹಗ್ಗ ಕಟ್ಟಿ ಬಟ್ಟೆ ಒಣಗಿಸುತ್ತಿದ್ದರು. ಆಗ ಬಿಳಿ ಬಟ್ಟೆ ಬಿಳಿಯಾಗೇ ಒಣಗುತ್ತಿತ್ತು. "ಈಗ ಬಟ್ಟೆ ಬೆಳ್ಳಗಿದೆ, ಡಬ್ಬಿ ಖಾಲಿ ಇದೆ" ಅನ್ನುತ್ತಿದ್ದರು. ಇದನ್ನು ಎರಡು ದಿನ ಇದ್ದವರಿಂದ ಬರೆಯಲು ಆಗಲ್ಲ. ತೀರ್ಥಹಳ್ಳಿಯಲ್ಲಿ ಆರು ತಿಂಗಳು ಇದ್ದರೂ ನೀವು ಅವರಿಗೆ ಲಾಡ್ಜಿನವರೇ.

ಝೆರಾಕ್ಸ್ ಅಂಗಡಿ, ಮಾನ್ವಿ:
ಸಂಡೂರು ಅವರೇ, ಮಾತು ನಾಟಿತು. ಬಾಡಿಗೆ ಮನೆ ಕ್ಯಾನ್ಸಲ್.

ಬಿಸಿಲಕುದುರೆ, ಬಳ್ಳಾರಿ:
ಸಂಡೂರಿನವರೇ, ನನ್ನ ಕೆಲಸ ಕಳೆದಿರಿ.

ಊರು ಬಿಟ್ಟವ, ಬೆಂಗಳೂರು:
ರಾಯಚೂರಿನವನು, ಹನ್ನೊಂದು ವರ್ಷದಿಂದ ಬೆಂಗಳೂರು. ಕೋಟೆಕಲ್ಲು ಸರ್ ಹೇಳಿದ ದೂರದ ಮಾತು ನನಗೆ ಅರ್ಧ ನಿಜವಾಗಿದೆ. ಇಲ್ಲಿಗೆ ಬಂದಮೇಲೆ ಊರು ನೆನಪಾಗುವುದು ನಿಜ. ಆದರೆ ನೆನಪಾಗುವುದೆಲ್ಲ ಸಿಹಿಯಾಗೇ ಇರುತ್ತದೆ. ಬಿಸಿಲೂ ಸಿಹಿ. ಏಪ್ರಿಲ್‌ನಲ್ಲಿ ಊರಿಗೆ ಹೋಗಿ ಬಸ್ಸಿನಿಂದ ಇಳಿದ ಕೂಡಲೇ ಬರೆದಿದ್ದನ್ನೆಲ್ಲ ಹರಿದು ಹಾಕಬೇಕು ಅನಿಸುತ್ತದೆ. ಚಪ್ಪಲಿ ಟಾರಿಗೆ ಅಂಟುವಾಗ ಸಿಹಿ ಎಲ್ಲಿಂದ ಬರಬೇಕು.

ಯಶವಂತ ಚಿತ್ತಾಲರು ಇದನ್ನು ಹೇಗೆ ನಿಭಾಯಿಸಿದರು ಅಂತ ನನಗೆ ಆಶ್ಚರ್ಯ. ಮುಂಬಯಿಯಲ್ಲಿ ನೌಕರಿ, ತಲೆಯಲ್ಲಿ ಹುಟ್ಟೂರು ಹನೇಹಳ್ಳಿ. ಆದರೆ ಹನೇಹಳ್ಳಿಯೊಂದನ್ನೇ ಹಿಡಿದುಕೊಂಡು ಕೂರಲಿಲ್ಲ. 1979ರಲ್ಲಿ 'ಶಿಕಾರಿ' ಬರೆದಾಗ ಮುಂಬಯಿಯ ಆಫೀಸು, ಅಲ್ಲಿಯ ಭಯವನ್ನೇ ಬರೆದರು. ನೌಕರಿ ಮಾಡುವ ಜಾಗವೂ ಊರೇ ಅಂತ ನನಗೆ ಅವರಿಂದ ಗೊತ್ತಾಗಿದ್ದು.

ಹಟ್ಟಿ ಹುಡುಗ, ಲಿಂಗಸುಗೂರು:
ಇದು ಸರಿಯಾದ ಮಾತು. ನಮ್ಮಪ್ಪ ಹಟ್ಟಿ ಚಿನ್ನದ ಗಣಿಯಲ್ಲಿ ಕೆಲಸಕ್ಕಿದ್ದರು. ಭೂಮಿ ಒಳಗೆ ಇಳಿಯುವ ಕೆಲಸ. ನಮ್ಮೂರಿನ ಬಿಸಿಲು ಅಂತ ಎಲ್ಲರೂ ಬರೆಯುತ್ತಾರೆ. ಅಪ್ಪನಿಗೆ ದಿನದ ಎಂಟು ತಾಸು ಊರು ಅಂದ್ರೆ ಕತ್ತಲು. ಷಿಫ್ಟ್ ಮುಗಿಸಿ ಮನೆಗೆ ಬಂದರೆ ಜಗುಲಿ ಮೇಲೆ ಕಣ್ಣು ಸಣ್ಣ ಮಾಡಿಕೊಂಡು ಸುಮ್ನೆ ಕೂರುತ್ತಿದ್ದರು. ಅವ್ವ ಚಹಾ ಕೊಡುವ ತನಕ ಯಾರೂ ಮಾತಾಡಿಸುವ ಹಾಗಿರಲಿಲ್ಲ. ಒಂದೇ ಊರು, ಅಪ್ಪನದು ಬೇರೆ, ಹೊಲಕ್ಕೆ ಹೋಗುವ ಮುತ್ಯಾನದು ಬೇರೆ.

ಝೆರಾಕ್ಸ್ ಅಣ್ಣ, ನಿಮ್ಮ ಅಂಗಡಿಗೆ ಯಾರು ಬರುತ್ತಾರೆ? ಏನು ಮಾಡಿಸುತ್ತಾರೆ? ಅದನ್ನು ಸ್ವಲ್ಪ ಬರೆಯಿರಿ, ನೋಡೋಣ.

ಝೆರಾಕ್ಸ್ ಅಂಗಡಿ, ಮಾನ್ವಿ:
ಬರೆಯುವಂಥದ್ದು ಏನಿಲ್ಲ. ಪಹಣಿ, ಆಧಾರ್, ಬ್ಯಾಂಕ್ ಪಾಸ್‌ಬುಕ್ಕು, ಮಾರ್ಕ್ಸ್ ಕಾರ್ಡು. ಬೇಸಿಗೆಯಲ್ಲಿ ಫ್ಯಾನ್ ಹಾಕಿದರೆ ಪೇಪರ್ ಹಾರುತ್ತವೆ. ಹಾಕದಿದ್ದರೆ ನನ್ನ ಬೆವರು ಯಾರದೋ ಪಹಣಿ ಮೇಲೆ ಬೀಳುತ್ತದೆ. ಅದಕ್ಕೆ ಫ್ಯಾನನ್ನು ಗೋಡೆ ಕಡೆ ತಿರುಗಿಸಿ ಇಟ್ಟಿದ್ದೇನೆ, ಗೋಡೆಗೆ ಬಡಿದು ಬಂದ ಗಾಳಿ ಸಾಕು. ಅಣ್ಣತಮ್ಮಂದಿರು ಪಾಲು ಮಾಡಿಕೊಳ್ಳುವಾಗ ಒಬ್ಬೊಬ್ಬರೇ ಬರುತ್ತಾರೆ. ಬೆಳಗ್ಗೆ ಅಣ್ಣ ಬಂದು ಒಂದು ಸೆಟ್ ಮಾಡಿಸುತ್ತಾನೆ. "ತಮ್ಮ ಬಂದರೆ ನಾನು ಬಂದಿದ್ದೆ ಅಂತ ಹೇಳಬೇಡ" ಅನ್ನುತ್ತಾನೆ. ಮಧ್ಯಾಹ್ನ ತಮ್ಮ ಬರುತ್ತಾನೆ, ಅದೇ ಸರ್ವೆ ನಂಬರು, ಅದೇ ಮಾತು. ಯಾರ ಮನೆ ಒಡೆಯುತ್ತದೆ ಅಂತ ಅವರ ಹೆಂಡತಿಯರಿಗಿಂತ ಮುಂಚೆ ನನಗೆ ಗೊತ್ತಾಗುತ್ತದೆ. ಇಷ್ಟೇ. ಇದರಲ್ಲಿ ಕಾದಂಬರಿ ಎಲ್ಲಿದೆ?

ಸಿಂಧನೂರಕ್ಕ:
ತಮ್ಮಾ, ನೀನು ಇದನ್ನು ಬಿಟ್ಟು ಅಡಿಕೆ ತೋಟಕ್ಕೆ ಹೋಗಿದ್ದೆಯಾ?

ಸಂಡೂರು ಕೆಂಪು:
ಗೋಡೆಗೆ ಬಡಿದು ಬರುವ ಗಾಳಿ. 140 ಪುಟ ಬದಿಗಿಡಿ, ಇಲ್ಲಿಂದ ಶುರು ಮಾಡಿ.

ಕೋಟೆಕಲ್ಲು, ಬಳ್ಳಾರಿ:
ನಿಧಾನ ರೀ. ಇಲ್ಲಿ ಎಲ್ಲರೂ ಕುಣಿಯಲು ಶುರು ಮಾಡಿದಿರಿ. ಕಂಡಿದ್ದನ್ನು ಬರೆದ ಕೂಡಲೇ ಕಾದಂಬರಿ ಆಗಲ್ಲ, ವರದಿ ಆಗುತ್ತದೆ. ಕೊಲಂಬಿಯಾದ ಕಾದಂಬರಿಕಾರ ಮಾರ್ಕ್ವೆಜ್ ಹುಟ್ಟಿದ ಊರು ಅರಕಟಾಕ. ಬರೆದಿದ್ದು ಮಕೋಂಡೋ ಅನ್ನುವ ಇಲ್ಲದ ಊರು, ಬರೆದ ಜಾಗ ಮೆಕ್ಸಿಕೋ ನಗರ. ಅಮೆರಿಕದ ಫಾಕ್ನರ್ ತನ್ನ ಸುಳ್ಳು ಜಿಲ್ಲೆಗೆ ನಕ್ಷೆ ಬರೆದು, 1936ರ ಕಾದಂಬರಿಯಲ್ಲಿ ಅಚ್ಚು ಹಾಕಿಸಿ, ಇದರ ಮಾಲೀಕ ನಾನೊಬ್ಬನೇ ಅಂತ ಹೆಸರನ್ನೂ ಹಾಕಿಕೊಂಡ. ಇದ್ದ ಊರನ್ನು ಇಲ್ಲದ ಊರು ಮಾಡುವ ಕೆಲಸ ಒಂದು ಇದೆ. ಅದನ್ನು ಮಾಡದೆ ಪಹಣಿ, ಸರ್ವೆ ನಂಬರು ಅಂತ ಬರೆದರೆ ತಹಶೀಲ್ದಾರ್ ಆಫೀಸಿನ ಫೈಲು.

ಊರು ಬಿಟ್ಟವ, ಬೆಂಗಳೂರು:
ಫಾಕ್ನರ್‌ಗೆ ನಕ್ಷೆ, ನಮ್ಮ ಅಣ್ಣನಿಗೆ ಪಹಣಿ. ವ್ಯತ್ಯಾಸ ಜಾಸ್ತಿ ಇಲ್ಲ.

ಕರಡು ತಿದ್ದುವವಳು, ಗಂಗಾವತಿ:
ನಾನು ಕರಡು ತಿದ್ದುವ ಕೆಲಸ ಮಾಡುತ್ತೇನೆ. ನಮ್ಮ ಮೂರು ಜಿಲ್ಲೆಯಿಂದ ಬರುವ ಹಸ್ತಪ್ರತಿಗಳಲ್ಲಿ ನಾನು ಮೊದಲು ನೋಡುವುದು ಮಳೆ ಬಿಸಿಲನ್ನಲ್ಲ, ಪಾತ್ರಗಳು ಏನು ತಿನ್ನುತ್ತವೆ, ಅದಕ್ಕೆ ಏನು ಹೆಸರು ಹೇಳುತ್ತವೆ ಅನ್ನುವುದನ್ನು. ಬಳ್ಳಾರಿಯ ಹುಡುಗ ಬೆಳಗ್ಗೆ "ನೀರು ದೋಸೆ" ತಿಂದರೆ ಅಲ್ಲೇ ಗೊತ್ತಾಗುತ್ತದೆ. ನಿಮ್ಮ ನಾಯಕ ತಿಂಡಿಗೆ ಏನು ತಿನ್ನುತ್ತಾನೆ?

ಝೆರಾಕ್ಸ್ ಅಂಗಡಿ, ಮಾನ್ವಿ:
ಹೇಳಲು ನಾಚಿಕೆ. ಕಡುಬು.

ಬಿಸಿಲಕುದುರೆ, ಬಳ್ಳಾರಿ:
ಮಂಡಕ್ಕಿ ಒಗ್ಗರಣೆ, ಮಿರ್ಚಿ ಬಿಟ್ಟು ಕಡುಬಾ! ಇದಕ್ಕೆ ಕ್ಷಮೆ ಇಲ್ಲ.

ಹಟ್ಟಿ ಹುಡುಗ, ಲಿಂಗಸುಗೂರು:
ಒಗ್ಗರಣೆ ಅಲ್ಲ, ವಗ್ಗಾಣಿ.

ಕರಡು ತಿದ್ದುವವಳು, ಗಂಗಾವತಿ:
ನಮ್ಮ ಮನೆಯಲ್ಲಿ ಸೂಸಲ.

ಬಿಸಿಲಕುದುರೆ, ಬಳ್ಳಾರಿ:
ಅದೇ ಮಂಡಾಳು, ಅದೇ ಪುಟಾಣಿ ಹಿಟ್ಟು, ಅದೇ ಮೆಣಸಿನಕಾಯಿ. ಹೆಸರಿಗೆ ಜಗಳ ಯಾಕೆ? ಆದರೂ ಒಗ್ಗರಣೆಯೇ ಸರಿ.

ಕರಡು ತಿದ್ದುವವಳು, ಗಂಗಾವತಿ:
ಹೆಸರಿಗೆ ಜಗಳ ಬೇಕು ರೀ. ಪಾತ್ರ ಯಾವ ಹೆಸರು ಹೇಳುತ್ತದೆ ಅನ್ನುವುದರಿಂದಲೇ ಊರು ಗೊತ್ತಾಗುವುದು. "ಮಾನ್ವಿ ರಾಯಚೂರು ಜಿಲ್ಲೆಯ ಒಂದು ತಾಲೂಕು" ಅಂತ ವಾಕ್ಯ ಬರೆಯುವ ಗೋಜು ಬೇಕಿಲ್ಲ. ದೇವನೂರ ಮಹಾದೇವ 'ಕುಸುಮಬಾಲೆ'ಯನ್ನು ನಂಜನಗೂಡು ಕಡೆಯ ಮಾತಿನಲ್ಲೇ ಬರೆದರು, ನಮಗೆ ಮೊದಲ ಓದಿಗೆ ಹಿಡಿಯಲಿಲ್ಲ. ಎರಡನೇ ಸಲ ಜೋರಾಗಿ ಓದಿದಾಗ ಹಿಡಿಯಿತು. ನಮ್ಮ ಕಡೆಯವರು ಮಾತ್ರ ಓದುಗರಿಗೆ ಅರ್ಥ ಆಗಲ್ಲ ಅಂತ ಹೆದರಿ ಪಾತ್ರಗಳ ಬಾಯಿಗೆ ಬೆಂಗಳೂರು ಕನ್ನಡ ಹಾಕುತ್ತಾರೆ. ರಾಯಚೂರಿನವರ ಬಾಯಲ್ಲಿ ಉರ್ದು ಎಷ್ಟು ಸಹಜ ನೋಡಿ. 1948ರ ತನಕ ನಿಜಾಮರ ಆಡಳಿತ, ಶಾಲೆ ಕಚೇರಿ ಎಲ್ಲ ಉರ್ದು. ರಾಯಚೂರಿನ ಕವಿ ಶಾಂತರಸರು ಕನ್ನಡದಲ್ಲಿ ಗಜಲ್ ಬರೆದಿದ್ದು ಸುಮ್ನೆ ಅಲ್ಲ, ಆ ಧಾಟಿ ಅವರ ಊರಿನ ಕಿವಿಯಲ್ಲೇ ಇತ್ತು.

ನಿವೃತ್ತ ಮೇಷ್ಟ್ರು, ಕೊಪ್ಪಳ:
ತಡವಾಗಿ ಬಂದೆ, ಎಲ್ಲ ಓದಿದೆ. ನಮ್ಮ ಮಾತು ಬೇರೆಯವರಿಗೆ ಅರ್ಥ ಆಗುತ್ತದೋ ಇಲ್ಲವೋ ಅಂತ ನಾಚಿಕೊಳ್ಳುವವರಿಗೆ ಒಂದು ವಿಷಯ. ಒಂಬತ್ತನೇ ಶತಮಾನದ ಕವಿರಾಜಮಾರ್ಗ ಕನ್ನಡದ ತಿರುಳು ಇರುವ ಜಾಗ ಅಂತ ನಾಲ್ಕು ಊರು ಹೇಳುತ್ತದೆ. ಅದರಲ್ಲಿ ಒಂದು ಕೊಪಣ, ಅಂದರೆ ನಮ್ಮ ಕೊಪ್ಪಳ. ಈಗ ನಾವು ತಿರುಳನ್ನು ಬಿಟ್ಟು ಸಿಪ್ಪೆ ಹುಡುಕುತ್ತಾ ಹೋಗಿದ್ದೇವೆ.

ಇನ್ನು ಮಾನ್ವಿಯ ಹುಡುಗನಿಗೆ. ತಮ್ಮಾ, ನಿನಗೆ ಇಲ್ಲಿ ಎಲ್ಲರೂ ಮಂಜು ತೆಗೆ ಅಂತ ಹೇಳುತ್ತಿದ್ದಾರೆ. ನಾನು ಹೇಳುತ್ತೇನೆ, ಮಂಜು ಇರಲಿ, ಅಡಿಕೆ ತೆಗೆ. ನಮ್ಮಲ್ಲಿ ಮಂಜು ಇಲ್ಲ ಅಂತ ನಿನಗೆ ಯಾರು ಹೇಳಿದರು? ನೀನು ಎರೆ ಹೊಲಕ್ಕೆ ಈ ಚಳಿಯಲ್ಲಿ ಬೆಳಗ್ಗೆ ಆರಕ್ಕೆ ಹೋಗಿದ್ದೀಯಾ? ಹಿಂಗಾರಿ ಜೋಳ ಮಳೆ ನಂಬಿ ಬೆಳೆಯುವ ಬೆಳೆ ಅಲ್ಲ. ಮಳೆ ಹಿಂದೆ ಸರಿಯುವಾಗ ಬಿತ್ತುತ್ತಾರೆ. ಎರೆ ಮಣ್ಣು ಹಿಡಿದಿಟ್ಟುಕೊಂಡ ತೇವ, ಮೇಲಿನ ಇಬ್ಬನಿ, ಇಷ್ಟರ ಮೇಲೆ ಆಳೆತ್ತರ ಬೆಳೆದು ನಿಲ್ಲುತ್ತದೆ. ನಾನು ಹುಡುಗನಿದ್ದಾಗ ಹಕ್ಕಿ ಕಾಯಲು ಮಂಚಿಕೆ ಮೇಲೆ ಕೂರುತ್ತಿದ್ದೆ. ಕವಣೆ ಕೈಯಲ್ಲಿ. ಬಿಸಿಲೇರುವ ತನಕ ತೆನೆಗಳ ತುದಿ ಮಾತ್ರ ಕಾಣುತ್ತಿದ್ದವು, ಕೆಳಗೆಲ್ಲ ಬೆಳ್ಳಗೆ. ಎಳ್ಳಮಾವಾಸ್ಯೆಗೆ ಹೊಲಕ್ಕೆ ಎಡೆ ಅಂತ ಚರಗ ಚೆಲ್ಲಲು ಹೋದಾಗ ಹೆಂಗಸರ ಸೀರೆಯ ಅಂಚು ಮೊಳಕಾಲ ತನಕ ತೊಯ್ದು ಹೋಗುತ್ತಿತ್ತು.

ಸಂಕ್ರಾಂತಿ ಈಗಷ್ಟೇ ಮುಗಿದಿದೆ, ಜೋಳ ಇನ್ನೂ ಹೊಲದಲ್ಲೇ ಇದೆ. ಹೋಗಿ ನೋಡು. ಕಾಲುವೆ ನೀರು ಮುಟ್ಟದ ಕಡೆ ಹೋಗು.

ಕೋಟೆಕಲ್ಲು, ಬಳ್ಳಾರಿ:
ಮೇಷ್ಟ್ರೇ, ಇದಕ್ಕೆ ನನ್ನ ಹತ್ತಿರ ಎದುರು ಮಾತಿಲ್ಲ. ಬಳ್ಳಾರಿ ಪೇಟೆಯಲ್ಲಿ ಬೆಳೆದವನು, ಜೋಳದ ಹೊಲವನ್ನು ನಾನೂ ಬಸ್ಸಿನ ಕಿಟಕಿಯಿಂದಲೇ ನೋಡಿದ್ದು.

ಝೆರಾಕ್ಸ್ ಅಂಗಡಿ, ಮಾನ್ವಿ:
ಐದು ದಿನ ಆದಮೇಲೆ ಬರೆಯುತ್ತಿದ್ದೇನೆ. ಭಾನುವಾರ ಅಂಗಡಿ ಮುಚ್ಚಿ ಅತ್ತಿಗೆಯ ತವರಿನ ಕಡೆಯ ಹೊಲಕ್ಕೆ ಹೋಗಿದ್ದೆ. ಐದೂವರೆಗೇ ಬೈಕಿನಲ್ಲಿ ಹೊರಟೆ, ಕೈ ಮರಗಟ್ಟಿತು.

ಮಂಜು ಇತ್ತು. ನಾನು ಬರೆದಿದ್ದ ಮಂಜಿನ ಥರ ಅಲ್ಲ. ನಂದು ಬೆಟ್ಟದಿಂದ ಇಳಿದು ಬರುತ್ತಿತ್ತು. ಇಲ್ಲಿ ಬೆಟ್ಟವೇ ಇಲ್ಲ, ನೆಲದಿಂದ ಎದ್ದ ಹಾಗೆ ಇತ್ತು. ಎದೆ ತನಕ ಬೆಳ್ಳಗೆ, ಅದರ ಮೇಲೆ ತೆನೆ. ದೂರದಲ್ಲಿ ಯಾರೋ ಮೊಬೈಲಿನಲ್ಲಿ ಹಾಡು ಹಾಕಿಕೊಂಡು ಬರುತ್ತಿದ್ದರು. ಮನುಷ್ಯ ಕಾಣಲಿಲ್ಲ, ಹಾಡು ಮಾತ್ರ ನಡೆದುಕೊಂಡು ಬಂತು. ಹತ್ತಿರ ಬಂದಮೇಲೆ ನೋಡಿದರೆ ನಮ್ಮ ಅಂಗಡಿಗೆ ಬರುವವನೇ. ಬೆಳಗ್ಗೆ ಬಂದು ಪಹಣಿ ಮಾಡಿಸಿ "ತಮ್ಮನಿಗೆ ಹೇಳಬೇಡ" ಅಂದಿದ್ದ ಅಣ್ಣ. ಅದು ಅವರ ಹೊಲದ ಪಕ್ಕದ ಬದು. ನನ್ನನ್ನು ಅಲ್ಲಿ ನೋಡಿ ಹಾಡು ಆಫ್ ಮಾಡಿದ. ಇಬ್ಬರಿಗೂ ಏನು ಮಾತಾಡಬೇಕು ಅಂತ ತಿಳಿಯಲಿಲ್ಲ. ಕೊನೆಗೆ "ಸೀತನಿ ತಿಂತೀಯಾ" ಅಂದ. ಸುಟ್ಟ ಎಳೆಜೋಳದ ಕಾಳು, ತಿಂದೆ. ಕೈಯೆಲ್ಲ ಕರಿ.

ರಾತ್ರಿ ಆರು ಪುಟ ಬರೆದು ಅತ್ತಿಗೆಗೆ ಕೊಟ್ಟೆ. ಈ ಸಲ ಯಾವ ಊರು ಅಂತ ಕೇಳಲಿಲ್ಲ. "ಅವನ ಹೆಸರು ಬದಲಿಸು, ಹೊಲ ಎಡಕ್ಕಿದ್ದರೆ ಬಲಕ್ಕೆ ಹಾಕು, ನಾಳೆ ಅವರ ಮನೆಯಲ್ಲಿ ಮದುವೆಗೆ ಹೋಗಬೇಕು" ಅಂದರು.

ಕೋಟೆಕಲ್ಲು, ಬಳ್ಳಾರಿ:
ನಾನು ಇಲ್ಲದ ಊರು ಮಾಡಿ ಅಂದಿದ್ದು ಇದನ್ನೇ. ನಿಮ್ಮ ಅತ್ತಿಗೆ ಫಾಕ್ನರ್ ಓದಿದ್ದಾರಾ?

ಕರಡು ತಿದ್ದುವವಳು, ಗಂಗಾವತಿ:
ಆರು ಪುಟ ನನಗೂ ಕಳಿಸಿ. ತಿಂಡಿಗೆ ಏನಿದೆ ಅಂತ ನೋಡಬೇಕು.

ಬಿಸಿಲಕುದುರೆ, ಬಳ್ಳಾರಿ:
ಭಾನುವಾರ ಅಂಗಡಿ ಮುಚ್ಚುವ ಬದಲು ನನಗೆ ಒಂದು ಫೋನ್ ಮಾಡಬಹುದಿತ್ತು.